ಮೂರು ಟನ್ನಿನ ಕಲ್ಲು, ಐವತ್ತು ಟನ್ನಿನ ಕ್ರೇನು

ಹಿಂದೂಪುರದಲ್ಲಿ ನಮ್ಮದು ಕ್ರೇನ್ ಬಾಡಿಗೆಯ ಯಾರ್ಡು. ಗ್ರೀಸು, ರಿಪೇರಿ, ಆಪರೇಟರುಗಳ ತಕರಾರು ಇವೆಲ್ಲ ನನ್ನ ಗಂಡನ ಪಾಲು, ಫೋನು ನನ್ನ ಪಾಲು. ಫೋನೆತ್ತಿದರೆ ಆ ಕಡೆಯಿಂದ ಬರುವ ಮೊದಲ ಮಾತು ಯಾವಾಗಲೂ ಒಂದೇ. ತೆಲುಗಿನವರು "ಎನ್ನಿ ಟನ್ನುಲ ಬಂಡಿ ಉಂದಿ ಮೇಡಂ?" ಅನ್ನುತ್ತಾರೆ, ನಮ್ಮವರು "ಎಷ್ಟು ಟನ್ನಿಂದು ಐತೆ ಕಣಮ್ಮ?" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಂದಲೇ. ಎತ್ತುವ ವಸ್ತುವಿನ ತೂಕ ಆಮೇಲೆ ಹೇಳಿ ಸ್ವಾಮಿ, ಗಾಡಿ ನಿಲ್ಲುವ ಜಾಗಕ್ಕೂ ವಸ್ತು ಇಳಿಯುವ ಜಾಗಕ್ಕೂ ಎಷ್ಟು ದೂರ ಅದನ್ನು ಮೊದಲು ಹೇಳಿ ಎಂದರೆ, ಈ ಹೆಂಗಸಿಗೆ ಏನೂ ಗೊತ್ತಿಲ್ಲ ಎಂದುಕೊಂಡು "ಸಾರ್‌ಗೆ ಕೊಡಿ" ಅನ್ನುತ್ತಾರೆ. ಸಾರ್ ಯಂತ್ರದ ಕೆಳಗೆ ಮಲಗಿದ್ದಾರೆ, ಮಾತಾಡುವುದಾದರೆ ನನ್ನ ಹತ್ತಿರವೇ ಮಾತಾಡಿ ಅಂತ ನಾನೂ ಬಿಡುವುದಿಲ್ಲ.

ಹೆಂಗಸರಿಗಾದರೆ ಇದನ್ನು ಬಿಡಿಸಿ ಹೇಳುವ ಕಷ್ಟವೇ ಇಲ್ಲ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಎಷ್ಟು ದೂರ ಬೇಕಾದರೂ ನಡೆಯುತ್ತೇವೆ. ಅದೇ ಕೊಡವನ್ನು ತೋಳು ಚಾಚಿ ಮುಂದಕ್ಕೆ ಹಿಡಿ ಎಂದರೆ ಎರಡು ಉಸಿರಿಗೆ ಕೈ ನಡುಗುತ್ತದೆ. ಕ್ರೇನಿನ ಕಥೆಯೂ ಇಷ್ಟೇ. ಹೆಸರಿನಲ್ಲಿರುವ ಟನ್ನು ಎಂದರೆ ಅದು ಸೊಂಟದ ಮೇಲೆ ಹೊರುವ ಭಾರ. ತೋಳು ಚಾಚಿದಷ್ಟೂ ಅದರ ಶಕ್ತಿ ಇಳಿಯುತ್ತದೆ. ಯಾವ ದೂರಕ್ಕೆ ಎಷ್ಟು ಎತ್ತಬಹುದು ಅಂತ ಕ್ಯಾಬಿನ್ನಿನೊಳಗೆ ಒಂದು ಚಾರ್ಟು ಅಂಟಿಸಿರುತ್ತಾರೆ. ಸೋಮಂದೇಪಲ್ಲಿಯ ಒಂದು ಶೆಡ್ಡಿನಲ್ಲಿ ಅದರ ಮೇಲೆ ಊಟದ ಡಬ್ಬಿಯ ಚೀಲ ನೇತುಹಾಕಿದ್ದರು. ಆವತ್ತು ನಾನು ಆಡಿದ ಮಾತು ಅಲ್ಲಿನವರಿಗೆ ಈಗಲೂ ನೆನಪಿರಬೇಕು.

ಮೂರು ಥರದ ಗಾಡಿಗಳನ್ನು ನಾವು ಬಾಡಿಗೆಗೆ ಬಿಡುತ್ತೇವೆ. ಒಂದು ಹೈಡ್ರಾ. ಅದು ಭಾರವನ್ನು ಮೂಗಿನ ಮುಂದೆ ನೇತುಹಾಕಿಕೊಂಡು ನಡೆದೇ ಹೋಗಿ ಇಟ್ಟು ಬರುತ್ತದೆ, ಆದರೆ ಇಡುವ ಜಾಗದ ತನಕ ಅದರ ಚಕ್ರ ಹೋಗಲೇಬೇಕು. ಇನ್ನೊಂದು ಟೆಲಿಹ್ಯಾಂಡ್ಲರ್, ಮುಂದಕ್ಕೆ ಉದ್ದವಾಗುವ ತೋಳಿನದು. ಪರಿಗಿ ಕಡೆ ಗೋಡೌನುಗಳಿಗೆ, ಎತ್ತರದ ಗೋಡೆಯಾಚೆ ಇಟ್ಟಿಗೆ ಕೊಡುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ತೋಳು ಪೂರ್ತಿ ಚಾಚಿದರೆ ಹಗುರ ಸಾಮಾನು ಮಾತ್ರ. ಮೂರನೆಯದು ಲಾರಿಯ ಮೇಲೆ ಕೂತ ಉದ್ದ ಬೂಮಿನ, ಅಂದರೆ ಉದ್ದ ತೋಳಿನ, ಕ್ರೇನು. ನಾಲ್ಕು ಕಾಲು ಊರಿಕೊಂಡು ನಿಂತಲ್ಲೇ ನಿಂತು ದೂರಕ್ಕೆ ಇಡುವಂಥದು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಈ ಲೆಕ್ಕವನ್ನು ನಾನು ನನ್ನ ಅಕ್ಕನಿಗಾಗಿ ಹಾಕಬೇಕಾಗಿ ಬಂತು.

ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗದಾಚೆ, ಬೆಳುಗುಪ್ಪದ ಕಡೆಯ ಹಳ್ಳಿಗೆ. ಭಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಯೊಳಗೆ ಸಮಾಧಿಯ ಮೇಲೆ ಗದ್ದುಗೆ ಕಲ್ಲು ಕೂರಿಸಬೇಕೆಂದು ಅಕ್ಕನ ಮೈದುನ, ನನಗೆ ಸಣ್ಣ ಭಾವ, ಒಂದೇ ಬಂಡೆಯಲ್ಲಿ ಲಿಂಗ, ಬಸವಣ್ಣ ಎರಡನ್ನೂ ಕೆತ್ತಿಸಿದ್ದ. ಅಣ್ಣನೆಂದರೆ ಅವನಿಗೆ ಪ್ರಾಣ. ಕಲ್ಲು ಮೂರು ಟನ್ನಿನ ಹತ್ತಿರ ಬಂದಿತ್ತು. ಅಲ್ಲೇ ಸಿಕ್ಕ ಹೈಡ್ರಾ ಒಂದನ್ನು ಗೊತ್ತು ಮಾಡಿದ್ದ. ಮೂರು ಟನ್ನಿಗೆ ಹದಿನಾಲ್ಕು ಟನ್ನಿನ ಗಾಡಿ ಧಾರಾಳವಾಯಿತು ಎನ್ನುವುದು ಅವನ ಲೆಕ್ಕ, ಅದರಲ್ಲಿ ನನ್ನನ್ನು ಕೇಳುವಂಥದ್ದು ಅವನಿಗೇನೂ ಕಂಡಿರಲಿಲ್ಲ.

ಅಕ್ಕ ಫೋನು ಮಾಡಿದ್ದು ಬೆಳಗಿನ ಕಾಫಿಯ ಹೊತ್ತಿಗೆ. "ನಾಳೆ ಅದ್ಯಾವುದೋ ಗಾಡಿ ಬತ್ತದಂತೆ ಕಣೆ. ನೀನು ಬಂದ್ಬುಡು," ಎಂದಳು.

"ಒಂದು ಕಲ್ಲು ಇಡೋಕೆ ನಾನ್ಯಾಕೆ? ಪೂಜೆಗೆ ಬತ್ತೀನಲ್ಲ."

"ಪೂಜೆಗಲ್ಲ. ನಾಳೆ ಬಾ. ಅದು ಹೊಲದೊಳಕ್ಕೆ ಇಳೀಬಾರ್ದು."

ಯಾಕೆ ಎಂದರೆ ಹೇಳಲಿಲ್ಲ. ನನ್ನ ಅಕ್ಕ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಊಟಕ್ಕೆ ಕೂತವರು ಎದ್ದ ಮೇಲೆ ಪಾತ್ರೆಯಲ್ಲಿ ಏನು ಉಳಿದಿದೆಯೋ ಅದೇ ತನಗಿಷ್ಟ ಎನ್ನುವ ಹೆಂಗಸು. ಅವಳು ಬಾ ಅಂದ ಮೇಲೆ ನಾನು ಹೋಗಲೇಬೇಕಿತ್ತು. ಮಾರನೆಯ ದಿನ ಗಂಡನನ್ನೂ ಹೊರಡಿಸಿಕೊಂಡು ಮಡಕಶಿರಾ, ಪಾವಗಡ ದಾಟಿ ಕಲ್ಯಾಣದುರ್ಗದ ದಾರಿ ಹಿಡಿದೆ.

ನಾವು ಹೋದಾಗ ಹೈಡ್ರಾ ಆಗಲೇ ರಸ್ತೆಯಲ್ಲಿ ಗುರುಗುಟ್ಟುತ್ತ ನಿಂತಿತ್ತು. ಆ ಮನೆತನದವರ ಸಮಾಧಿಗಳಿರುವುದು ಅವರದೇ ಹೊಲದ ಮೂಲೆಯಲ್ಲಿ. ರಸ್ತೆಯ ಪಕ್ಕಕ್ಕೆ ಹಿರಿಯರ ಗದ್ದುಗೆಗಳ ಸಾಲು, ಅವುಗಳ ನಡುವೆ ಒಂದು ಬಂಡಿ ಹೋಗುವಷ್ಟು ಖಾಲಿ ಜಾಗ. ಆ ಖಾಲಿ ಜಾಗ ಮುಗಿಯುವ ಕಡೆ, ಎಲ್ಲರಿಗಿಂತ ಹಿಂದೆ, ಒಂಟಿಯಾಗಿ ಭಾವನ ಸಮಾಧಿ. ಅದರ ಬಲಕ್ಕೆ ಹಾಳು ಬಾವಿ, ಹಿಂದೆ ಹಳ್ಳ. ಹಾಗಾಗಿ ಚಕ್ರದ ಗಾಡಿ ಅಲ್ಲಿಗೆ ಹೋಗುವುದಾದರೆ ನಡುವಿನ ಆ ಖಾಲಿ ಜಾಗ ಒಂದೇ ದಾರಿ. ಸಣ್ಣ ಭಾವ ಅಲ್ಲೇ ನಿಂತು ಡ್ರೈವರನಿಗೆ ಕೈಸನ್ನೆ ಮಾಡುತ್ತಿದ್ದ. ಅಕ್ಕ ಗದ್ದುಗೆಯೊಂದಕ್ಕೆ ಒರಗಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ನನಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ಕಾರಿನಿಂದ ಇಳಿದವಳೇ ಹೈಡ್ರಾದ ಮುಂದೆ ಹೋಗಿ ನಿಂತೆ.

"ಇದೇನಮ್ಮ, ಬಂದೋರು ಬಂದಂಗೇ ಅಡ್ಡ ನಿಂತ್ರಲ್ಲ," ಎಂದ ಸಣ್ಣ ಭಾವ.

"ಇದು ಎರೆ ಭೂಮಿ ಸಣ್ಣ ಭಾವಾ. ಎರಡೂ ಕಡೆ ಗೂಡುಗಳಿದಾವೆ. ಚಕ್ರ ಕುಸಿದು ಗಾಡಿ ಮಗುಚಿಕೊಂಡ್ರೆ ಕಲ್ಲೂ ಇರಲ್ಲ, ಡ್ರೈವರೂ ಇರಲ್ಲ."

ಅದು ಸುಳ್ಳಾಗಿರಲಿಲ್ಲ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಗುಂಡಿ ತೋಡಿ, ಅದರ ಒಂದು ಪಕ್ಕದ ಗೋಡೆಯಲ್ಲಿ ಗೂಡು ಕೊರೆದು, ಆ ಗೂಡಿನಲ್ಲಿ ಕೂರಿಸಿ ವಿಭೂತಿ ತುಂಬುತ್ತೇವೆ. ಗದ್ದುಗೆ ಗುಂಡಿಯ ಮೇಲಿರುತ್ತದೆ, ಕೂತವರು ಇರುವುದು ಪಕ್ಕದ ಮಣ್ಣಿನ ಕೆಳಗೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಗದ್ದುಗೆಯನ್ನು ಮುಟ್ಟಬಾರದೆಂದು ಮರ್ಯಾದೆಯಿಂದ ಒಂದು ಗಜ ಈಚೆ ಭಾರ ಊರುತ್ತಾರೆ, ಟೊಳ್ಳಿರುವುದು ಅಲ್ಲೇ. ಆ ಮನೆತನದಲ್ಲಿ ಗೂಡು ಯಾವ ಪಕ್ಕಕ್ಕೆ ಎಂದು ಸಣ್ಣ ಭಾವನನ್ನೇ ಕೇಳಿದೆ. ರಸ್ತೆಯ ಕಡೆಗೆ ಎಂದ. ಹೇಳುತ್ತಿದ್ದ ಹಾಗೇ ಅವನಿಗೂ ಹೊಳೆದಿರಬೇಕು, ರಸ್ತೆಯಂಚಿನ ಮಣ್ಣನ್ನೊಮ್ಮೆ ನೋಡಿ ಹೈಡ್ರಾದವನಿಗೆ ಹಿಂದಕ್ಕೆ ಹೋಗೆಂದು ಕೈ ಮಾಡಿದ. ಆದರೂ ಮುಖ ಗಂಟು ಹಾಕಿಕೊಂಡೇ ಇದ್ದ.

ಆಮೇಲೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಅಕ್ಕ ಕಾರಣ ಹೇಳಿದಳು. ಹಿಟ್ಟಿನಿಂದ ಕಣ್ಣು ಎತ್ತಲಿಲ್ಲ.

ಅವಳ ಮೊದಲ ಕೂಸು ಹೆಣ್ಣು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅಷ್ಟು ನನಗೆ ಗೊತ್ತಿತ್ತು. ನಾನಾಗ ಲಂಗ ತೊಡುವ ಹುಡುಗಿ, ಅವ್ವ ಸೆರಗಿನಲ್ಲಿ ಮೂಗೊರೆಸಿಕೊಂಡು ನಮ್ಮೂರಿಂದ ಈ ಊರಿಗೆ ಹೊರಟಿದ್ದು ನೋಡಿದ್ದೆ. ನಮ್ಮ ಕಡೆ ಅಷ್ಟು ಎಳೆಯ ಕೂಸಿಗೆ ಗದ್ದುಗೆ ಕಟ್ಟುವುದಿಲ್ಲ, ಕಲ್ಲು ನೆಡುವುದಿಲ್ಲ, ಎಡೆ ಇಡುವುದಿಲ್ಲ. ಗೂಡೂ ಇಲ್ಲ, ಬಟ್ಟೆಯಲ್ಲಿ ಸುತ್ತಿ ಮಲಗಿಸಿ ಮಣ್ಣು ಸಮ ಮಾಡಿಬಿಡುತ್ತಾರೆ. ಹೆತ್ತವಳನ್ನು ಕರೆದುಕೊಂಡು ಹೋಗುವುದಿಲ್ಲ, ಜಾಗವನ್ನೂ ತೋರಿಸುವುದಿಲ್ಲ. ಮುಂದಿನದಕ್ಕೆ ಒಳ್ಳೆಯದಲ್ಲವಂತೆ. ಅಕ್ಕನ ಅತ್ತೆ ಅದರ ಮಾತೇ ಎತ್ತಬಾರದೆಂದು ಹೇಳಿದ್ದರಂತೆ. ಆದರೆ ತವರಿನಲ್ಲಿ ಬಾಣಂತನ ಮುಗಿಸಿ ಬಂದ ಹೆಂಡತಿಯನ್ನು ಭಾವ ಕಡಲೆಕಾಯಿ ಕೀಳುವ ನೆವದಲ್ಲಿ ಹೊಲಕ್ಕೆ ಕರೆದುಕೊಂಡು ಹೋಗಿ, ಆ ಖಾಲಿ ಜಾಗದಲ್ಲಿ ಒಂದು ಕಡೆ, ಕಾಲಿನಿಂದ ತೋರಿಸಲು ಮನಸ್ಸಾಗದೆ, ಕೂತು ಕೈಯಿಟ್ಟು ತೋರಿಸಿದ್ದರಂತೆ.

"ಅವರಿಗೂ ನಂಗೂ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ ಕಣೆ. ಅದ್ರ ಪಕ್ಕದಾಗೇ ಇರ್ಬೇಕು ಅಂತ್ಲೇ ಅಷ್ಟು ಹಿಂದಕ್ಕೆ ಜಾಗ ಹೇಳಿದ್ರು. ಇವ್ರೆಲ್ಲ ಬಾವಿ ತಂಪೈತೆ ಅಂತ ಹೇಳವ್ರೆ ಅಂದ್ಕಂಡ್ರು."

"ಸಣ್ಣ ಭಾವಂಗೆ ಹೇಳ್ಬುಟ್ರೆ ಮುಗೀತಲ್ಲಕ್ಕ. ಅವನೇನು ಬೇರೆಯೋನಾ? ನಿನ್ನ ಮಕ್ಕಳಿಗಾದ್ರೂ ಹೇಳು."

"ಹುಡುಗ್ರು ಒಂದಿನಾನೂ ಕೇಳಿಲ್ಲ, ನಾನು ಒಂದಿನಾನೂ ಹೇಳಿಲ್ಲ. ಈಗೆಂಗೆ ಹೇಳ್ಲಿ? ಬಾಯಿಗೆ ಬರಾಕಿಲ್ಲ ಕಣೆ." ರೊಟ್ಟಿಯನ್ನು ಹಂಚಿಗೆ ಹಾಕಿ ಅದರ ಮೇಲೆ ನೀರು ಸವರಿದಳು. "ಅದ್ರ ಮೇಲೆ ಚಕ್ರ ಹೋಗ್ಬಾರ್ದು. ಅಷ್ಟು ಮಾಡ್ಕೊಡು."

ನನಗೆ ಅಳು ಬರುವ ಬದಲು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಹತ್ತಾರು ವರ್ಷ ಆ ಮನೆಯ ಗಂಡಸರು ಅದೇ ಖಾಲಿ ಜಾಗದಲ್ಲಿ ಚಾಪೆ ಹಾಸಿಕೊಂಡು ಹಿರಿಯರ ಪೂಜೆಯ ಊಟ ಮಾಡಿದ್ದಾರೆ, ಇವಳು ಬಡಿಸಿದ್ದಾಳೆ. ಬಡಿಸುವಾಗ ಪ್ರತಿಸಲ ಒಂದು ಜಾಗ ಬಿಟ್ಟು ಹೆಜ್ಜೆ ಇಟ್ಟಿರಬೇಕು. ಯಾರೂ ನೋಡಲಿಲ್ಲ.

ಊಟವಾದ ಮೇಲೆ ಟೇಪು ಹಿಡಿದು ಇಳಿದೆ. ಟೆಲಿಹ್ಯಾಂಡ್ಲರ್ ಲೆಕ್ಕಕ್ಕೇ ಬರಲಿಲ್ಲ. ರಸ್ತೆಯಿಂದ ತೋಳು ಚಾಚಿದರೆ ಅರ್ಧ ದೂರವೂ ಮುಟ್ಟದು, ಮುಟ್ಟಿದರೂ ಆ ಕಲ್ಲನ್ನು ಹಿಡಿಯದು. ನಮ್ಮ ಲಾರಿ ಕ್ರೇನನ್ನೇ ರಸ್ತೆಯಂಚಿಗೆ ನಿಲ್ಲಿಸಿದರೆ ಹೇಗೋ ಆದೀತು ಎಂದುಕೊಂಡಿದ್ದೆ. ಆದರೆ ಈ ಬದಿಯಲ್ಲಿ ಅದರ ಕಾಲು ಊರುವಂತಿಲ್ಲ, ಹಿರಿಯರೆಲ್ಲ ಅಲ್ಲೇ ಕೂತಿದ್ದಾರೆ. ರಸ್ತೆಯ ಆಚೆ ಬದಿಗೆ ಸರಿಯಬೇಕು. ಅಲ್ಲಿಗೆ ಸರಿದರೆ ದೂರ ಇಪ್ಪತ್ತು ಮೀಟರು ದಾಟಿತು. ಆ ದೂರಕ್ಕೆ ನಮ್ಮ ಕ್ರೇನಿನ ಚಾರ್ಟು ಹೇಳುವ ಭಾರ ಕಲ್ಲಿನ ಅರ್ಧದಷ್ಟೂ ಇರಲಿಲ್ಲ.

"ಹಿಂದೆ ಒಂದಿಷ್ಟು ಭಾರ ಕಟ್ಟಿ ಎತ್ತಿಬಿಡಬೋದು ಅಂತಾರೆ ಹುಡುಗರು," ಎಂದರು ನನ್ನ ಗಂಡ, ಮೆಲ್ಲಗೆ.

"ಅಂತಾರೆ. ಎತ್ತಿದ ಮೇಲೆ ಇಡೋದು ಎಲ್ಲಿ ಅಂತ ಗಾಡಿ ಹೇಳ್ತದೆ," ಎಂದೆ. ಅವರು ಆ ಮಾತು ಅಲ್ಲಿಗೇ ಬಿಟ್ಟರು. ಇಂಥ ಜಾಗದಲ್ಲಿ ಕ್ರೇನು ಮುಂದಕ್ಕೆ ವಾಲಿದರೆ ಬೂಮು ಬೀಳುವುದು ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಇನ್ನೂ ಏನಿದೆ ಎಂದು ಮಾತ್ರ ನಾನು ಅವರಿಗೆ ಹೇಳಿರಲಿಲ್ಲ. ಅದು ಅಕ್ಕನ ಮಾತು.

ಬೆಳುಗುಪ್ಪದ ಸುತ್ತ ಗುಡ್ಡದ ಮೇಲೆಲ್ಲ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು. ಅವುಗಳ ರಿಪೇರಿಗೆ ಬಂದಿದ್ದ ಐವತ್ತು ಟನ್ನಿನ ಕ್ರೇನೊಂದು ಕೆಲಸ ಮುಗಿಸಿ ಹತ್ತಿರದಲ್ಲೇ ನಿಂತಿತ್ತು, ಅದರವರು ನಮಗೆ ಗೊತ್ತಿದ್ದವರು. ಅದರ ಚಾರ್ಟು ತರಿಸಿ ನೋಡಿದೆ. ಆ ದೂರಕ್ಕೆ ಕೊಕ್ಕೆ, ಬೆಲ್ಟುಗಳ ತೂಕ ಸೇರಿಸಿದರೂ ಕಲ್ಲನ್ನು ನಿರಾಳವಾಗಿ ಹಿಡಿಯುತ್ತಿತ್ತು. ಸುದ್ದಿ ಊರಲ್ಲಿ ಹರಡಿದ್ದೇ ತಡ, ಮೂರು ಟನ್ನಿನ ಕಲ್ಲಿಗೆ ಐವತ್ತು ಟನ್ನಂತೆ, ಹಿಂದೂಪುರದವಳಿಗೆ ದೊಡ್ಡಸ್ತಿಕೆ ಜಾಸ್ತಿ ಎಂದು ನಕ್ಕರು. ಸಣ್ಣ ಭಾವನಿಗೆ ಇದು ತನ್ನ ಏರ್ಪಾಡಿಗೆ ಆದ ಅವಮಾನ ಅನ್ನಿಸಿತ್ತು. "ನಮ್ಮಣ್ಣನ ಕಲ್ಲು ನಾನು ಹೊತ್ತಾದ್ರೂ ಇಡ್ತಿದ್ದೆ," ಎಂದು ಜಗಲಿಯಲ್ಲಿ ಯಾರಿಗೋ ಅನ್ನುತ್ತಿದ್ದುದು ಒಳಗೆ ಕೇಳಿಸಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು, ಎದ್ದು ಹೋಗಿ ಏನಾದರೂ ಅಂದುಬಿಟ್ಟೇನೆಂದು.

ಕ್ರೇನು ಬಂದ ದಿನ ಬೆಳಿಗ್ಗೆಯೇ ಬಿಸಿಲು. ರಸ್ತೆಯ ಆಚೆ ಬದಿಗೆ ದಪ್ಪ ಮರದ ದಿಮ್ಮಿಗಳನ್ನು ಹಾಸಿ ಅದರ ನಾಲ್ಕು ಕಾಲು ಊರಿಸಿದೆವು. ರಸ್ತೆ ಪೂರ್ತಿ ಕಟ್ಟಿಹೋಯಿತು. ಕಲ್ಲು ಹೊತ್ತ ಟ್ರ್ಯಾಕ್ಟರು ಕ್ರೇನಿನ ಎಡಕ್ಕೆ ನಿಂತಿತು. ಎತ್ತಿದ ಕಲ್ಲು ಎಡದಿಂದ ತಿರುಗಿ, ಹಿರಿಯರ ಸಾಲನ್ನೂ ನಡುವಿನ ಖಾಲಿ ಜಾಗವನ್ನೂ ಗಾಳಿಯಲ್ಲೇ ದಾಟಿ ಭಾವನ ಹತ್ತಿರ ಇಳಿಯಬೇಕು. ನೇತಾಡುವ ಭಾರದ ಕೆಳಗೆ ಯಾರೂ ನಿಲ್ಲಬಾರದು ಎನ್ನುವುದು ಈ ಕಸುಬಿನ ಮೊದಲ ಪಾಠ. ಊರವರನ್ನೂ ಅಕ್ಕನ ಗಂಡುಮಕ್ಕಳಿಬ್ಬರನ್ನೂ ಹೊಲದಿಂದ ಈಚೆ ಕಳಿಸಿ ನಾನು ಅಕ್ಕನ ಪಕ್ಕ ಬಂದು ನಿಂತೆ. ಚಕ್ರ ತಪ್ಪಿಸಿದೆ, ಅವಳು ಕೇಳಿದ್ದು ಮಾಡಿಕೊಟ್ಟೆ ಎಂಬ ಸಮಾಧಾನ ನನಗಿತ್ತು.

ಬೆಲ್ಟು ಬಿಗಿಯಾಯಿತು. ಕಲ್ಲು ಟ್ರ್ಯಾಕ್ಟರಿನ ಟ್ರೇಲರಿನಿಂದ ಗೇಣುದ್ದ ಮೇಲೆದ್ದು ನಿಂತಿತು. ಸನ್ನೆ ಕೊಡಲು ನಿಂತಿದ್ದ ನನ್ನ ಗಂಡನನ್ನು ಆಪರೇಟರು ಕ್ಯಾಬಿನ್ನಿನಿಂದ ತಲೆ ಹೊರಹಾಕಿ ಕೂಗಿ ಕೇಳಿದ. "ಅನ್ನಾ, ಕಿಂದ ಎವರೈನಾ ಉನ್ನಾರಾ?" ಕೆಳಗೆ ಯಾರಾದರೂ ಇದ್ದಾರಾ ಎಂದು. ಪ್ರತಿ ಎತ್ತುವಿಕೆಗೂ ಕೇಳುವ ಮಾತು ಅದು.

"ಎವರೂ ಲೇರು," ಎಂದರು ನನ್ನ ಗಂಡ. ಯಾರೂ ಇಲ್ಲ.

"ಉಂದಿ," ಎಂದಳು ಅಕ್ಕ.

ಇದೆ ಎಂದು. ಗಟ್ಟಿಯಾಗಿಯೇ ಅಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಆ ಊರಿನವರು ಕೇಳಿರಲಾರರು. ನಾನು ಅವಳ ರಟ್ಟೆ ಹಿಡಿದೆ. ಅವಳು ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ಹೋದಳು. ಆಪರೇಟರನಿಗೆ ಅರ್ಥವಾಗಲೆಂದು ತೆಲುಗಿನಲ್ಲೇ ಹೇಳಿದಳು, "ಉಂದಯ್ಯಾ. ಕಿಂದ ಮಾ ಪಾಪ ಉಂದಿ." ಕೆಳಗೆ ನಮ್ಮ ಮಗು ಇದೆಯಪ್ಪಾ.

ಆಪರೇಟರು ಗಾಬರಿಯಾಗಿ ಕಲ್ಲನ್ನು ಹಾಗೇ ಟ್ರೇಲರಿಗೆ ಇಳಿಸಿ ಇಂಜಿನ್ ನಿಲ್ಲಿಸಿದ. ಜನ ಮಗು ಎಲ್ಲಿ ಎಂದು ಹೊಲದ ಕಡೆ ಹುಡುಕಿದರು. ಸಣ್ಣ ಭಾವ ಹತ್ತಿರ ಬಂದ.

"ಅತ್ತಿಗೆ, ಏನಂದ್ರಿ?"

"ನಿಮ್ಮಣ್ಣನ ಮೊದಲ್ನೇ ಕೂಸು ಕಣಪ್ಪ. ನೀನಿನ್ನೂ ಸಣ್ಣೋನು ಆಗ. ಆ ಬಯಲಾಗೈತೆ. ಎಲ್ಲಾರ್ನೂ ಏಳಿ ಏಳಿ ಅಂತ ಎಬ್ಬಿಸಿಬುಟ್ರಿ. ಅದುನ್ನ ಯಾರು ಎಬ್ಬಿಸ್ತಾರೆ?"

ಅಕ್ಕನ ಇಬ್ಬರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕಣ್ಣಿಗೆ ಏನೂ ಕಾಣದಂತಾಯಿತು, ಸೆರಗಿನಲ್ಲಿ ಒರೆಸಿಕೊಂಡೆ, ಮತ್ತೆ ಹಾಗೇ ಆಯಿತು. ಆಪರೇಟರು ಇಳಿದು ಬಂದು ನನ್ನನ್ನೇ ನೋಡುತ್ತ ನಿಂತ. ಈಗ ಏನು ಮಾಡುವುದೆಂದು ಹೇಳಬೇಕಾದವಳು ನಾನೇ.

ಟ್ರ್ಯಾಕ್ಟರು ಕ್ರೇನಿನ ಬಲಕ್ಕೆ ಬಂದರೆ ಕಲ್ಲು ಹಾಳು ಬಾವಿಯ ಮೇಲಿಂದ ನೇರವಾಗಿ ಭಾವನ ಹತ್ತಿರ ಹೋಗುತ್ತದೆ. ಆ ದಾರಿಯಲ್ಲಿ ಚಕ್ರಕ್ಕೆ ಜಾಗವಿಲ್ಲ, ಆದರೆ ಬೂಮಿಗೆ ಬೇಕಾದದ್ದು ಗಾಳಿ ಮಾತ್ರ. ದೂರ ಹೆಚ್ಚಾಗುವುದಿಲ್ಲ, ಚಾರ್ಟು ಒಪ್ಪುತ್ತದೆ. ಕ್ರೇನಿನ ಕಾಲು ಮಡಚಿ, ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ದಿಮ್ಮಿಗಳನ್ನು ಕಿತ್ತು ಮತ್ತೆ ಹಾಸಬೇಕು, ಅಷ್ಟೇ. ಅಷ್ಟನ್ನು ಆಪರೇಟರನಿಗೂ ಟ್ರ್ಯಾಕ್ಟರಿನವನಿಗೂ ಹೇಳಿದೆ. ಆ ಬಿಸಿಲಿನಲ್ಲಿ ಮತ್ತೆ ಮೊದಲಿನಿಂದ ಅನ್ನುವಾಗ ಯಾರಾದರೂ ಗೊಣಗುತ್ತಾರೆ, ಬಾಯಿಗೆ ಬಂದಂತೆ ಬೈದುಬಿಡೋಣ ಎಂದು ಕಾಯುತ್ತಿದ್ದೆ. ಒಬ್ಬರೂ ಗೊಣಗಲಿಲ್ಲ. ಮೊದಲನೆಯ ದಿಮ್ಮಿಗೆ ಹೆಗಲು ಕೊಟ್ಟವನು ಸಣ್ಣ ಭಾವ.

ಮಧ್ಯಾಹ್ನ ಇಳಿದ ಮೇಲೆ ಕಲ್ಲು ಎದ್ದಿತು. ಬಾವಿಯ ಮೇಲೆ ನಿಧಾನವಾಗಿ ತೇಲಿ ಹೋಗಿ, ನನ್ನ ಗಂಡನ ಕೈ ಇಳಿದಂತೆ ಇಳಿಯುತ್ತ, ಭಾವನ ಸಮಾಧಿಯ ಮೇಲೆ ಸದ್ದಿಲ್ಲದೆ ಕೂತಿತು. ಸಣ್ಣ ಭಾವ ಬೆಲ್ಟು ಬಿಚ್ಚಿ ಬಸವಣ್ಣನ ಬೆನ್ನಿನ ಧೂಳನ್ನು ಟವೆಲಿನಲ್ಲಿ ಒರೆಸಿದ. ಆಮೇಲೆ ಆ ಖಾಲಿ ಜಾಗದ ಕಡೆ ತಿರುಗಿದವನು ಕಾಲಿಡಲಾರದೆ ಅಲ್ಲೇ ಅಂಚಿನಲ್ಲಿ ನಿಂತುಬಿಟ್ಟ. ಹುಟ್ಟಿದಾಗಿನಿಂದ ಓಡಾಡಿದ ಜಾಗ ಅದು.

"ಅತ್ತಿಗೆ," ಎಂದ. "ಎಲ್ಲಿಂದ ಎಲ್ಲೀಗಂಟ?"

ಅಕ್ಕ ಹೋಗಿ, ನೆಟ್ಟಗೆ ಒಂದು ಜಾಗದ ಮುಂದೆ ಕೂತಳು. ಎರಡೂ ಅಂಗೈಗಳನ್ನು ನೆಲಕ್ಕಿಟ್ಟಳು. ಒಂದರಿಂದ ಒಂದಕ್ಕೆ ಮೊಳಕ್ಕಿಂತ ಹೆಚ್ಚಿರಲಿಲ್ಲ.

"ಇಷ್ಟೇ ಇದ್ಲು ಕಣಪ್ಪ," ಎಂದಳು.